ವಾಪಸ್ ಕೋಣೆಯ ಗೋಂದಣ್ಣ

ಗೋಂದಣ್ಣ ಬೆಳಗಿನ ಎರಡನೇ ಲೋಟ ಕಾಫಿಗೆ ಕೈ ಚಾಚುವಷ್ಟರಲ್ಲಿ, ಗೋಡೆಗೆ ತೂಗುಹಾಕಿದ್ದ ಗಿಟಾರು ಠಪ್ ಅಂತ ಸಿಡಿಯಿತು. ತಂತಿಗಳನ್ನು ಹಿಡಿದಿಟ್ಟುಕೊಳ್ಳುವ ಮರದ ಪಟ್ಟಿ ಬುಡಸಮೇತ ಕಿತ್ತು ಬಂದು ಅದೇ ತಂತಿಗಳಿಗೆ ಜೋತುಬಿದ್ದಿತ್ತು. ಬೇರೆ ದಿನವಾಗಿದ್ದರೆ ಅವನು ಖುಷಿಪಡುತ್ತಿದ್ದ, ಕಿತ್ತದ್ದನ್ನು ಅಂಟಿಸುವುದೇ ಅವನ ಪರಮಸುಖ. ಆದರೆ ಇವತ್ತು ಮಧ್ಯಾಹ್ನ ಅದೇ ಗಿಟಾರನ್ನು ಕಾರ್ಖಾನೆಗೆ ಒಯ್ದು ಬಾರಿಸಿ ತೋರಿಸಬೇಕಿತ್ತು.

ಗಿಟಾರ್ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ ಅವನದು ವಾಪಸ್ ಕೋಣೆ. ಹಳೇ ಯಜಮಾನರ ಕಾಲದಲ್ಲಿ ಗಿಟಾರಿನ ಮುಖದ ಹಲಗೆಯನ್ನು ಬೆರಳಲ್ಲಿ ತಟ್ಟಿದರೆ ನಡುಗುವಷ್ಟು ತೆಳ್ಳಗೆ ಹೆರೆಯುತ್ತಿದ್ದರು. ನಾದ ಹೇಗಿರುತ್ತಿತ್ತೆಂದರೆ, ದಾರಿಯಲ್ಲಿ ಹೋಗುವವರು ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಕಿಟಕಿ ಕೆಳಗೆ ನಿಂತುಬಿಡುತ್ತಿದ್ದರು. ಆದರೆ ಒಂದೆರಡು ಬೇಸಿಗೆ ಕಳೆಯುವುದರೊಳಗೆ ಅವೇ ಗಿಟಾರುಗಳು ಹೊಟ್ಟೆ ಉಬ್ಬಿಸಿಕೊಂಡು, ಪಟ್ಟಿ ಕಿತ್ತುಕೊಂಡು, ಗಂಡನ ಮನೆಯಲ್ಲಿ ಜಗಳವಾಡಿ ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ವಾಪಸ್ ಬರುತ್ತಿದ್ದವು. ಅವನ್ನು ಸಮಾಧಾನಪಡಿಸಿ, ಬಿಟ್ಟದ್ದನ್ನು ಅಂಟಿಸಿ ಕಳಿಸುವುದು ಗೋಂದಣ್ಣನ ಕೆಲಸ. ಹೆಂಡತಿಯೊಬ್ಬಳನ್ನು ಬಿಟ್ಟರೆ ಅವನ ನಿಜವಾದ ಹೆಸರು ಈಗ ಯಾರಿಗೂ ನೆನಪಿಲ್ಲ.

ಆಮೇಲೆ ಯಜಮಾನರ ಮಗನ ಕಾಲ ಬಂತು. ಮಾರಿದ ಮಾಲು ವಾಪಸ್ ಬರುವುದೆಂದರೆ ಮಗನಿಗೆ ಅವಮಾನ. ಹಲಗೆ ದಪ್ಪ ಮಾಡಿಸಿದ, ಒಳಗಿನ ಆಸರೆ ಪಟ್ಟಿಗಳನ್ನು ದಪ್ಪ ಮಾಡಿಸಿದ, ಮೇಲೆ ವಾರ್ನಿಷ್ ಬಳಿದದ್ದೇ ಬಳಿದದ್ದು. ಬಾರಿಸಿದರೆ ಬಾಗಿಲು ಬಡಿದ ಸದ್ದು. ಆದರೆ ಏನು ಮಾಡಿದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ, ಒಂದೂ ವಾಪಸ್ ಬರಲಿಲ್ಲ. ಖಾಲಿ ಕೋಣೆಯಲ್ಲಿ ಗೋಂದು ಕಾಯಿಸಿಕೊಂಡು ಎಷ್ಟು ದಿನ ಕೂರಲಾದೀತು? ಗೋಂದಣ್ಣನನ್ನು ಮನೆಗೆ ಕಳಿಸಿ ಕೋಣೆಗೆ ಬೀಗ ಹಾಕಿದರು. ಅದಾದ ಮೇಲೆ ಬಂದದ್ದು ಯಂತ್ರಗಳ ಕಾಲ. ಆಗಿನ ಗಿಟಾರುಗಳಲ್ಲಿ ತಪ್ಪೂ ಇರಲಿಲ್ಲ, ಒಪ್ಪವೂ ಇರಲಿಲ್ಲ.

ಈಗ ಕಾರ್ಖಾನೆ ಹೊಸ ಮಾಲೀಕರ ಕೈಗೆ ಬಂದಿದೆ. ಹೋದ ವಾರ ಅಲ್ಲಿನ ಮ್ಯಾನೇಜರ್ ಹುಡುಗಿ ಫೋನು ಮಾಡಿ, ಹಳೇ ಯಜಮಾನರ ಕಾಲದ ಗಿಟಾರನ್ನು ಅದೇ ಅಳತೆಯಲ್ಲಿ ಮತ್ತೆ ಮಾಡುತ್ತೇವೆ, ಮಾದರಿಗೆ ನಿಮ್ಮದನ್ನು ತನ್ನಿ ಅಂದಿದ್ದಳು. ಅಂಥವು ರಿಪೇರಿಗೆ ಬರುವುದು ಖಂಡಿತವಂತೆ, ಹಾಗಾಗಿ ವಾಪಸ್ ಕೋಣೆ ತೆರೆದು ನಿಮ್ಮನ್ನೇ ಕೂರಿಸುತ್ತೇವೆ ಅಂತಲೂ ಅಂದಿದ್ದಳು. ಅವತ್ತಿನಿಂದ ಗೋಂದಣ್ಣನ ಮೂಗಿನಲ್ಲಿ ಬರೀ ಮರದ ಹೊಟ್ಟಿನ ವಾಸನೆ. ಸಾಯುವುದರೊಳಗೆ ಇನ್ನೊಂದು ಸಲ ಆ ಕೋಣೆಯಲ್ಲಿ ಕೂತು, ಯಾರದೋ ಮುರಿದ ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಅವನಿಗೆ ಬೇರೇನೂ ಬೇಕಿರಲಿಲ್ಲ.

"ಕಿತ್ತೋಗಿರೋದನ್ನೇ ತಗೊಂಡ್ಹೋಗಿ. ಅಳತೆ ತಾನೇ ಅವರಿಗೆ ಬೇಕಿರೋದು?" ಅಂದಳು ಹೆಂಡತಿ.

"ಮಾಲೀಕರು ನಾದ ಕೇಳ್ಬೇಕು ಅಂದಿದಾರೆ ಕಣೇ. ಮೊದಲನೇ ದಿನವೇ ಹೆಣ ಹೊತ್ಕೊಂಡು ಹೋದ ಹಾಗೆ ಹೋಗ್ಲಾ?"

ಅವನು ಗೋಂದು ಕಾಯಿಸಿ ಪಟ್ಟಿಯನ್ನು ಅಂಟಿಸಿದ. ಅಷ್ಟರಲ್ಲಿ ಠಪ್ ಅಂದ ಸದ್ದು ಕೇಳಿ ಪಕ್ಕದ ಮನೆಯ ದರ್ಜಿ ಬಂದಿದ್ದ. ಯಾರಿಗಾದರೂ ಉಪಕಾರ ಮಾಡದಿದ್ದರೆ ಆ ಮನುಷ್ಯನಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಹೊಸ ತಂತಿ ತರಲು ಹೊರಟ ಗೋಂದಣ್ಣ, ಯಾರೂ ಮುಟ್ಟದ ಹಾಗೆ ನೋಡಿಕೋ ಅಂತ ಅವನಿಗೇ ಹೇಳಿ ಹೋದ. ಕುರಿ ಕಾಯಲು ತೋಳನನ್ನು ಬಿಟ್ಟ ಹಾಗಾಯಿತು.

ದರ್ಜಿ ಸ್ವಲ್ಪ ಹೊತ್ತು ಸುಮ್ಮನೆ ಕಾದ. ಬೆರಳಿಟ್ಟು ನೋಡಿದ, ಗೋಂದು ಇನ್ನೂ ಹಸಿ. ಪಾಪ, ಅಣ್ಣನಿಗೆ ಹೊತ್ತಾಗುತ್ತದಲ್ಲ ಅಂತ ಅವನ ಕರುಳು ಚುರ್ ಅಂತು. ಒದ್ದೆ ಇದ್ದದ್ದನ್ನು ಒಣಗಿಸಲು ಅವನ ಕಸುಬಿನಲ್ಲಿ ಇರುವುದು ಒಂದೇ ದಾರಿ. ಮನೆಗೆ ಹೋಗಿ ಇಸ್ತ್ರಿಪೆಟ್ಟಿಗೆ ತಂದ. ಮೇಲೊಂದು ಬಟ್ಟೆ ಹಾಸಿ, ಮದುವೆ ಸೂಟಿಗೆ ಹಾಕುವಷ್ಟು ಮುತುವರ್ಜಿಯಿಂದ ಗಿಟಾರಿಗೆ ಇಸ್ತ್ರಿ ಹಾಕಿದ.

ಕಾಯಿಸಿ ಹಚ್ಚುವ ಹಳೇ ಗೋಂದು ಮತ್ತೆ ಕಾದರೆ ಬಿಟ್ಟುಕೊಳ್ಳುತ್ತದೆ ಅನ್ನುವುದು ಅವನಿಗೆ ಎಲ್ಲಿಂದ ಗೊತ್ತಾಗಬೇಕು? ಒಳಗಿನ ಆಸರೆ ಪಟ್ಟಿಗಳು ಒಂದೊಂದಾಗಿ ಉದುರಿದವು. ಕೊನೆಗೆ ಮುಖದ ಹಲಗೆ ಎದ್ದು ಬಂತು. ಗೋಂದಣ್ಣ ವಾಪಸ್ ಬಂದಾಗ ಗಿಟಾರು ಮೇಜಿನ ತುಂಬ ಹೊಲಿಗೆ ಬಿಚ್ಚಿದ ಕೋಟಿನ ಹಾಗೆ ಹರಡಿತ್ತು.

"ಚೆನ್ನಾಗೇ ಒಣಗ್ತಿತ್ತಣ್ಣ," ಅಂದ ದರ್ಜಿ. "ಆಮೇಲೆ ಅದಕ್ಕೇನಾಯ್ತೋ ಗೊತ್ತಿಲ್ಲ."

ಮಾಡಿದ ಅನಾಹುತಕ್ಕೆ ದರ್ಜಿಯೇ ಪರಿಹಾರವನ್ನೂ ಹುಡುಕಿದ. ಅವನ ಭಾವಮೈದುನನ ಮನೆಯಲ್ಲಿ ಅದೇ ಕಾರ್ಖಾನೆಯ ಗಿಟಾರು ಅಟ್ಟದ ಮೇಲೆ ಬಿದ್ದಿತ್ತಂತೆ. ಓಡಿಹೋಗಿ ತಂದ. ಎತ್ತಿಕೊಂಡ ಕೂಡಲೇ ಭಾರಕ್ಕೆ ಗೋಂದಣ್ಣನ ಕೈ ಜಗ್ಗಿತು. ಮಗನ ಕಾಲದ್ದು. ಮೇಲುನೋಟಕ್ಕೆ ಎರಡೂ ಅವಳಿ ಜವಳಿ, ಒಂದೇ ಆಕಾರ, ತಂತಿ ಬಿಗಿಯುವ ತಲೆಯ ಮೇಲೆ ಒಂದೇ ಕಾರ್ಖಾನೆಯ ಹೆಸರು. ಹೆಂಡತಿ ಬೇಡ ಅಂದಳು. ಹೊಸಬರಿಗೆ ಇದೆಲ್ಲ ಏನು ತಿಳಿಯುತ್ತದೆ, ಮೊದಲು ಕೋಣೆಯೊಳಗೆ ಕಾಲಿಟ್ಟುಬಿಡೋಣ, ಅಳತೆಯನ್ನು ಆಮೇಲೆ ನಾನೇ ತಿದ್ದಿಸಿದರಾಯಿತು ಅಂತ ಗೋಂದಣ್ಣ ತನಗೆ ತಾನೇ ಸಮಾಧಾನ ಹೇಳಿಕೊಂಡ. ದರ್ಜಿ ಕರೆಯದಿದ್ದರೂ ಜೊತೆಗೆ ಹೊರಟ.

ಕಾರ್ಖಾನೆಯಲ್ಲಿ ಮ್ಯಾನೇಜರ್ ಹುಡುಗಿ ಮೊದಲು ವಾಪಸ್ ಕೋಣೆಯನ್ನೇ ತೋರಿಸಿದಳು. ಗುಡಿಸಿ ಸುಣ್ಣ ಬಳಿಸಿದ್ದರು. ಕಿಟಕಿಯ ಬೆಳಕು ಮುಂಚಿನ ಹಾಗೆಯೇ ಮೇಜಿನ ಮೇಲೆ ಓರೆಯಾಗಿ ಬೀಳುತ್ತಿತ್ತು. ಅಂಚಿನಲ್ಲಿ, ಅವನು ವರ್ಷಗಟ್ಟಲೆ ಮೊಣಕೈ ಊರಿ ಊರಿ ಸವೆಸಿದ ಗುಳಿ ಹಾಗೇ ಇತ್ತು. ಗೋಂದಣ್ಣ ಅದರಲ್ಲಿ ಮೊಣಕೈ ಇಟ್ಟು ನೋಡಿದ. ಸರಿಯಾಗಿ ಕೂತಿತು. ಅವನಿಗೆ ಅಳು ಬಂತು.

ಮಾಲೀಕರು ನೆರೆಗೂದಲಿನ ದೊಡ್ಡ ಆಸಾಮಿ. ಗೋಂದಣ್ಣ ಹೆದರುತ್ತಲೇ ತಂತಿ ಮೀಟಿದ. ಬಾಗಿಲು ಬಡಿದ ಹಾಗೆ ಧಬ್ ಧಬ್ ಅಂತು. ಮಾಲೀಕರು ಕಣ್ಣು ಮುಚ್ಚಿದರು. ಮುಗಿಯಿತು ಕತೆ ಅಂದುಕೊಂಡ ಅವನು.

"ನಿಲ್ಲಿಸ್ಬೇಡಿ," ಅಂದರು ಅವರು, ಕಣ್ಣು ತೆರೆಯದೆ. "ನಮ್ಮ ಹಾಸ್ಟೆಲ್ ರೂಮಿನಲ್ಲಿ ರಾತ್ರಿಯೆಲ್ಲ ಇದೇ ಸದ್ದು. ಇಂಥ ನಾದ ಈಗ ಎಲ್ಲಿದೆ?"

ಮಾಲೀಕರು ಹುಡುಗರಾಗಿದ್ದದ್ದು ಯಜಮಾನರ ಮಗನ ಕಾಲದಲ್ಲಿ. ಅವರವರ ಪ್ರಾಯದ ಕಾಲವೇ ಅವರವರಿಗೆ ಚಿನ್ನದ ಕಾಲ, ಅದರಲ್ಲಿ ಗೋಂದಣ್ಣನೂ ಬೇರೆಯಲ್ಲ. ದರ್ಜಿ ಸಮಯ ನೋಡಿ, ಇದು ಹಳೇ ಯಜಮಾನರು ಕೈಯಾರೆ ಮಾಡಿದ್ದು ಸಾರ್ ಅಂತ ಒಗ್ಗರಣೆ ಹಾಕಿದ. ಹುಡುಗಿ ಅಳತೆ ಹಿಡಿದು, ಹಲಗೆ ತೆಳ್ಳಗಿರುತ್ತೆ ಅಂದುಕೊಂಡಿದ್ವಲ್ಲ ಅಂತ ಹುಬ್ಬೇರಿಸಿದಳು. ಮಾಲೀಕರು ಹಿಗ್ಗಿನಲ್ಲಿ ಗಿಟಾರನ್ನು ಎತ್ತಿಕೊಳ್ಳಲು ಹೋದರು. ಭಾರ ಅಂದಾಜಾಗದೆ ಅದು ಕೈಜಾರಿ ಕಲ್ಲಿನ ನೆಲಕ್ಕೆ ಧಡ್ ಅಂತ ಬಿತ್ತು.

ಎಲ್ಲರೂ ಬಗ್ಗಿ ನೋಡಿದರು. ಗಿಟಾರಿಗೆ ಗೀರು ಕೂಡ ಬಿದ್ದಿರಲಿಲ್ಲ.

ಮಾಲೀಕರು ಹುಡುಗಿಯ ಕಡೆ ತಿರುಗಿದರು. "ಇದೇ ಅಳತೇಲಿ ಮಾಡ್ಸಮ್ಮ. ಇಷ್ಟು ಗಟ್ಟಿ ಇರೋದು ರಿಪೇರಿಗೆ ಯಾಕೆ ವಾಪಸ್ ಬರುತ್ತೆ? ಆ ಕೋಣೇಲಿ ರಟ್ಟಿನ ಡಬ್ಬ ತುಂಬಿಸ್ಬಿಡು."

ಒಮ್ಮೆ ತನ್ನ ಕೆಲಸ ಕಿತ್ತುಕೊಂಡ ಗಿಟಾರನ್ನು ಈ ಸಲ ಗೋಂದಣ್ಣ ತಾನೇ ಹೊತ್ತು ತಂದಿದ್ದ. ಮಾನ ಹೋದರೂ ಹೋಗಲಿ ಅಂತ ಬಾಯಿಬಿಟ್ಟ. "ಸಾರ್, ಇದು ಹಳೇ ಯಜಮಾನರ ಕಾಲದ್ದಲ್ಲ. ನಿಜವಾದ್ದು ನಮ್ಮನೇಲಿ ಮೇಜಿನ ಮೇಲೆ ಬಿಚ್ಚಿ ಬಿದ್ದಿದೆ."

ಮಾಲೀಕರು ಅವನ ಹೆಗಲ ಮೇಲೆ ಕೈ ಹಾಕಿದರು. "ಬಿಚ್ಚಿ ಬಿದ್ದಿರೋದು ಅವರದ್ದು, ಬಿದ್ದರೂ ಬಿಚ್ಚದೇ ಇರೋದು ಅವರದ್ದಲ್ಲ ಅಂತೀರಾ? ಕೆಲಸ ತಪ್ಪುತ್ತೆ ಅನ್ನೋ ಸಂಕಟಕ್ಕೆ ದೊಡ್ಡವರ ಹೆಸರು ಕೆಡಿಸ್ಬಾರ್ದು, ಗೋಂದಣ್ಣ."

ಗೋಂದಣ್ಣ ದರ್ಜಿಯ ಮುಖ ನೋಡಿದ. ದರ್ಜಿ ಸೂರು ನೋಡುತ್ತಿದ್ದ.

ಮಾಲೀಕರಿಗೆ ಅವನ ಬಾಡಿದ ಮುಖ ನೋಡಿ ಕನಿಕರ ಬಂತು. ನಿಮ್ಮನ್ನು ಬರಿಗೈಲಿ ಕಳಿಸುವುದಿಲ್ಲ ಅಂದರು. ಹುಡುಗಿಯನ್ನು ಪಕ್ಕಕ್ಕೆ ಕರೆದು ಏನೋ ಮಾತಾಡಿಕೊಂಡು ಬಂದು, ಎಲ್ಲರೆದುರಿಗೆ ಸಾರಿದರು. ಇನ್ನು ಮೇಲೆ ಈ ಕಾರ್ಖಾನೆಯಿಂದ ಹೊರಡುವ, ನೂರು ವರ್ಷವಾದರೂ ಗೋಂದು ಬೇಡದ ಪ್ರತಿಯೊಂದು ಗಿಟಾರಿನ ತಲೆಯ ಮೇಲೂ ಗೋಂದಣ್ಣ ಅಂತಲೇ ಹೆಸರಿರುತ್ತದೆ.