ಕರೆದ ಕೂಡಲೇ ಏಳುವ ಪ್ರೋಗ್ರಾಂ

ಮೌನೇಶನ ಎರಡು ವರ್ಷದ ಮಗಳು ಅವನನ್ನು 'ಅಪ್ಪಾ' ಎನ್ನದೆ 'ಕಾಕಾ' ಎಂದು ಕರೆದದ್ದೇ ಎಲ್ಲಕ್ಕೂ ಮೂಲ. ಮಗುವಿನದೇನು ತಪ್ಪು? ಅದು ಏಳುವುದರೊಳಗೆ ಅಪ್ಪ ಗದಗಿಗೆ ಅಂಟಿಕೊಂಡ ಬೆಟಗೇರಿಯ ಮನೆ ಬಿಟ್ಟು ಲಕ್ಷ್ಮೇಶ್ವರದ ಬಸ್ಸು ಹಿಡಿದಿರುತ್ತಿದ್ದ, ಅದು ಮಲಗಿದ ಮೇಲೆ ಮನೆ ಸೇರುತ್ತಿದ್ದ. ಭಾನುವಾರ ಮಾತ್ರ ಕಾಣಿಸುವ ಗಂಡಸನ್ನು ಅದು ಇನ್ನೇನೆಂದು ತಿಳಿಯಬೇಕು?

ಅವನ ನೌಕರಿ, ಹತ್ತಿ ಶೇಂಗಾ ಮಾರಿಸುವ ಒಂದು ಸಹಕಾರಿ ಸಂಘದ ಲಕ್ಷ್ಮೇಶ್ವರ ಶಾಖೆಯಲ್ಲಿ. ಸಂಘದ ಲೆಕ್ಕವೆಲ್ಲ ಗದಗಿನ ಮುಖ್ಯ ಕಚೇರಿಯ ದೊಡ್ಡ ಕಂಪ್ಯೂಟರಿನಲ್ಲಿ. ಬೀರುವಿನಷ್ಟು ಎತ್ತರದ ಆ ಯಂತ್ರವನ್ನು ಬೇರೆಯವರಾಗಿದ್ದರೆ ಎಂದೋ ಗುಜರಿಗೆ ಹಾಕುತ್ತಿದ್ದರು. ಸಂಘದವರು ಮಾತ್ರ ಇನ್ನೂ ಪ್ರೀತಿಯಿಂದ ದುಡಿಸಿಕೊಳ್ಳುತ್ತಿದ್ದರು. ದಿನಾ ಅದು ಶಾಖೆಯ ಕಂಪ್ಯೂಟರನ್ನು ಕರೆಯುತ್ತದೆ. ಕರೆದಾಗ ಇಲ್ಲೊಂದು ಪ್ರೋಗ್ರಾಂ ಎದ್ದು ನಿನ್ನೆಯ ವ್ಯವಹಾರ ಒಪ್ಪಿಸಬೇಕು. ಆದರೆ ಈ ಪ್ರೋಗ್ರಾಂ ತಾನಾಗಿ ಏಳುತ್ತಿರಲಿಲ್ಲ. ಗದಗಿನಲ್ಲಿ ಆ ಯಂತ್ರದ ಪಕ್ಕ ಕೂರುವ ಹೊಳೆಯಪ್ಪನವರು ಫೋನ್ ಮಾಡಿ, "ಕರಿಯಾಕ ಹತ್ತೇತಿ, ಎಬ್ಬಸೋ ಮೌನೇಶಾ" ಎನ್ನಬೇಕು, ಮೌನೇಶ ಗುಂಡಿ ಒತ್ತಬೇಕು.

ಹೊಳೆಯಪ್ಪನವರಿಗೆ ಈ ತಿಂಗಳು ನಿವೃತ್ತಿ. ಅವರ ಖುರ್ಚಿ ಸಿಕ್ಕರೆ ಮೌನೇಶ ಮಗಳನ್ನು ಎಚ್ಚರವಿದ್ದಾಗ ನೋಡಬಹುದಿತ್ತು. ಗದಗಿಗೆ ವರ್ಗಾವಣೆ ಕೇಳಿದ.

"ನೀ ಹೋದ್ರ ಇಲ್ಲಿ ಎಬ್ಬಸವ್ರು ಯಾರೋ?" ಎಂದರು ಶಾಖೆಯ ಮ್ಯಾನೇಜರ್ ವಿರೂಪಾಕ್ಷಪ್ಪನವರು. "ಅದು ತಾನ ಏಳೂಹಂಗ ಮಾಡು. ಅವತ್ತ ನಿನ್ನ ವರ್ಗಾ ಖರೆ ಅಂತ ತಿಳಿ."

"ನಿಮ್ಮ ಉಪಕಾರ ಮರಿಯಂಗಿಲ್ಲರಿ ಸರ್!" ಎಂದು ಮೌನೇಶ ಅಂದೇ ಕೈಪಿಡಿ ಹಿಡಿದು ಕುಳಿತ. ಉಪಕಾರ ನೆನೆಯುವುದರಲ್ಲಿ ಅವನದು ಸ್ವಲ್ಪ ಧಾರಾಳ ಕೈ.

ಪ್ರೋಗ್ರಾಮಿನ ವಿವರ ಬರೆಯುವ ಪರದೆಯಲ್ಲಿ 'ನೌಕರ ಎಬ್ಬಿಸಬೇಕು' ಎಂದಿದ್ದುದನ್ನು ತೆಗೆದು, 'ಕರೆ ಬಂದೊಡನೆ ತಾನೇ ಏಳಬೇಕು' ಎಂದು ಬದಲಿಸಿದ. ಗದಗಿನಿಂದ ಕರೆ ಬಂತು. ಪ್ರೋಗ್ರಾಂ ಎದ್ದಿತು! ಕ್ಯಾಶಿಯರ್ ವಾಣಿಶ್ರೀ ಚಪ್ಪಾಳೆ ತಟ್ಟಿದಳು.

ಆದರೆ ಗದಗಿನ ಯಂತ್ರಕ್ಕೆ ವಯಸ್ಸಾಗಿತ್ತು, ತಾಳ್ಮೆ ಕಡಿಮೆ. ಉತ್ತರ ತುಸು ತಡವಾದರೆ ಮತ್ತೆ ಕರೆಯುತ್ತಿತ್ತು. ಕರೆದಾಗಲೆಲ್ಲ ಇಲ್ಲಿ ಹೊಸದೊಂದು ಪ್ರೋಗ್ರಾಂ ಎದ್ದು, ಲೆಕ್ಕದ ಪ್ರತಿ ಅಚ್ಚು ಹಾಕಲು ಎಲ್ಲವೂ ಒಂದೇ ಪ್ರಿಂಟರಿಗೆ ಮುಗಿಬಿದ್ದವು. ಊಟಕ್ಕೆ ಒಬ್ಬನನ್ನು ಕರೆದರೆ ಇಡೀ ಓಣಿಯೇ ಬಂದು ಕೂತಂತಾಯಿತು. ಕಾಗದ ಟೇಬಲ್ ದಾಟಿ ಬಾಗಿಲತ್ತ ಹೊರಟಿತು.

"ಅಯ್ಯ, ಯಾರರ ಹಿಡೀರಿ ಅದನ್ನ!" ಎಂದು ವಾಣಿಶ್ರೀ ಕೂಗಿದಳು. ವಿರೂಪಾಕ್ಷಪ್ಪನವರು ಓಡಿ ಬಂದು ಕೈಗೆ ಸಿಕ್ಕ ಪ್ಲಗ್ ಕಿತ್ತರು, ಫ್ಯಾನ್ ನಿಂತಿತು. ಇನ್ನೊಂದು ಕಿತ್ತರು, ಕಂಪ್ಯೂಟರ್ ಆರಿತು. ಮೌನೇಶ ಮಾಡಿದ್ದೆಲ್ಲ ಅಳಿಸಿಹೋಯಿತು.

"ಸಹಾಯ ಮಾಡಾಕ ಹೋದೆನಪಾ" ಎಂದರು ಅವರು ಸಣ್ಣಗೆ.

"ಇರಲಿ ಬಿಡ್ರಿ ಸರ್, ಕಾಗದನರ ಉಳೀತು" ಎಂದು ಮೌನೇಶ ಅದಕ್ಕೂ ಕೈಮುಗಿದ.

ಮತ್ತೆ ಮೊದಲಿನಿಂದ. ಈ ಸಲ 'ಏಳುವುದು ಒಂದೇ, ಉಳಿದ ಕರೆಗಳು ಪಾಳಿ ಕಾಯಬೇಕು' ಎಂದು ಬರೆದು, ಡಬ್ಬಿ ಬಿಚ್ಚಿ ಎರಡು ತುತ್ತು ಉಂಡ. ಅಷ್ಟರಲ್ಲಿ ಕರೆ ಬಂತು. ಓಡಿಬಂದು ನೋಡಿದರೆ ಪ್ರೋಗ್ರಾಂ ಎದ್ದು ಕೂತಿದೆ!

"ತಾನ ಎದ್ದತೇನ್ರಿ ಅಕ್ಕಾರ?"

"ಇಲ್ಲೋ ತಮ್ಮಾ, ನೀ ಉಣ್ಣಾಕ ಕುಂತಿದ್ದೆಲ್ಲ, ಪಾಪ ಅಂತ ನಾನ ಗುಂಡಿ ಒತ್ತಿದೆ" ಎಂದಳು ವಾಣಿಶ್ರೀ.

ಅಂಥ ಪ್ರೀತಿಯ ಮೇಲೆ ಸಿಟ್ಟು ಮಾಡುವುದು ಹೇಗೆ? ಕೊನೆಗೆ ಎಲ್ಲರೂ ಕೈ ಹಿಂದೆ ಕಟ್ಟಿ ನಿಲ್ಲಬೇಕೆಂದು ತೀರ್ಮಾನವಾಯಿತು. ಮ್ಯಾನೇಜರ್, ಕ್ಯಾಶಿಯರ್, ಶೇಂಗಾ ಮಾರಲು ಬಂದಿದ್ದ ರೈತರು, ಎಲ್ಲರೂ ಉಸಿರು ಬಿಗಿಹಿಡಿದು ನಿಂತರು. ಗದಗು ಕರೆಯಿತು. ಯಾರೂ ಮುಟ್ಟಲಿಲ್ಲ. ಪ್ರೋಗ್ರಾಂ ತಾನೇ ಎದ್ದು, ಲೆಕ್ಕ ಒಪ್ಪಿಸಿ, ತಾನೇ ಮಲಗಿತು.

ಮೌನೇಶನ ಕಣ್ಣು ತುಂಬಿದವು. ಇಷ್ಟು ಒಳ್ಳೆಯ ಜನರನ್ನು ಬಿಟ್ಟು ಹೋಗಬೇಕಲ್ಲ ಎಂದು ಸಂಕಟವೂ ಆಯಿತು. ವಾಣಿಶ್ರೀ ಬಜಾರದಿಂದ ಹಾರ, ಪೇಢೆ ತರಿಸಿದಳು. ಅವನು ಹೆಂಡತಿಗೆ ಫೋನ್ ಮಾಡಿ, "ಕಾಂಚನಾ, ಇನ್ನ ಮಗಳನ್ನ ನಾನ ಎಬ್ಬಸ್ತೀನಿ" ಎಂದ.

ಅಷ್ಟರಲ್ಲಿ ಮುಖ್ಯ ಕಚೇರಿಯ ಸಾಹೇಬರ ಫೋನ್ ಬಂತು.

"ಶಾಬಾಸ್ ಮೌನೇಶಾ! ಸಂಘಕ್ಕ ದೊಡ್ಡ ಉಪಕಾರ ಮಾಡಿದಿ. ಹೊಳೆಯಪ್ಪನ ಜಾಗಾಕ್ಕ ಯಾರನ್ನ ತರೂದು ಅಂತ ತಲಿ ಕೆಟ್ಟಿತ್ತು. ಈಗ ಫೋನ್ ಮಾಡಿ ಎಬ್ಬಸ್ರಿ ಅನ್ನಾಕ ಯಾರೂ ಬ್ಯಾಡ. ಆ ಹುದ್ದಿನ ತಗದು ಹಾಕಿದ್ವಿ."

ಮೌನೇಶನ ಬಾಯಲ್ಲಿದ್ದ ಪೇಢೆ ಅಲ್ಲೇ ನಿಂತಿತು. "ಮತ್ತ... ನನ್ನ ವರ್ಗಾರಿ ಸರ್?"

"ಹುದ್ದಿನ ಇಲ್ಲಂದ್ರ ಎಲ್ಲಿಗಪಾ ವರ್ಗಾ? ಅಲ್ಲೇ ಆರಾಮಿರು. ಹಾಂ, ನಾಳಿಂದ ಒಂದು ತಾಸು ಮೊದಲ ಬಾ. ದೊಡ್ಡ ಕಂಪ್ಯೂಟರ್ ಈಗ ಹೊಳೆಯಪ್ಪ ಬರೂತನಾ ಕಾಯಂಗಿಲ್ಲ, ಕಚೇರಿ ಬಾಗಲಾ ತಗಿಯೂದ್ರಾಗ ಕರೀತೈತಿ. ಆ ಪ್ರೋಗ್ರಾಂ ತಾನ ಎದ್ದತೋ ಇಲ್ಲೋ, ಯಾರರ ನೋಡಬೇಕಲ್ಲ!"