ಅಕ್ಕನ ಉಸಿರು ಮತ್ತು ನನ್ನ ಜನರೇಟರು

ತಿಳಿಯದ ವಿಷಯಕ್ಕೆ ತಲೆಯಾಡಿಸುವುದರಲ್ಲಿ ನನ್ನಷ್ಟು ಪಳಗಿದವರು ಇಡೀ ಪುಣೆಯಲ್ಲಿ ಇನ್ನೊಬ್ಬರು ಇರಲಾರರು. ಮೂವತ್ತು ವರ್ಷದ ಹಿಂದೆ ವಿಜಯಪುರದಿಂದ ಬಂದು ಇಲ್ಲಿನ ಬಟ್ಟೆಯ ಸಗಟು ಅಂಗಡಿಯೊಂದರಲ್ಲಿ ಗುಮಾಸ್ತನಾಗಿ ಸೇರಿದಾಗ ನನಗೆ ಮರಾಠಿ ಅರ್ಧ ಮಾತ್ರ ತಿಳಿಯುತ್ತಿತ್ತು. ಉಳಿದರ್ಧಕ್ಕೆ "ಹೋ, ಹೋ, ಬರೋಬರ" ಎಂದು, ಅಂದರೆ ಹೌದು ಹೌದು, ಸರಿ ಎಂದು, ತಲೆಯಾಡಿಸಿ ಕಾಲ ಕಳೆದೆ. ಈಗ ಮರಾಠಿ ಪೂರ್ತಿ ತಿಳಿಯುತ್ತದೆ, ತಲೆ ಮಾತ್ರ ನಿಲ್ಲಲೊಲ್ಲದು. ನಲ್ಲಿ ರಿಪೇರಿಯವನು ವಾಷರಿನ ಬಗ್ಗೆ ಹೇಳಲಿ, ಬ್ಯಾಂಕಿನವರು ಹೊಸ ಫಾರಮ್ಮಿನ ಬಗ್ಗೆ ಹೇಳಲಿ, ನಾನು ಎಲ್ಲಕ್ಕೂ ಬರೋಬರ. ಮನೆಗೆ ಬಂದ ಮೇಲೆ ಹೆಂಡತಿ ಸುಶೀಲಾ "ಏನಂದ್ರು ರೀ?" ಎಂದು ಕೇಳಿದರೆ ಅವಳಿಗೂ ತಲೆಯಾಡಿಸುತ್ತೇನೆ.

ಇಂಥವನ ಮನೆಗೆ ಒಂದು ಡೀಸೆಲ್ ಜನರೇಟರ್ ಬಂದದ್ದು ಅಕ್ಕನ ಕಾರಣಕ್ಕೆ. ಹೋದ ವರ್ಷ ಅಕ್ಕನ ಪುಪ್ಪುಸ ಕೈಕೊಟ್ಟಿತು. ಡಾಕ್ಟರು ದಿನದ ಹೆಚ್ಚು ಹೊತ್ತು ಆಕ್ಸಿಜನ್ ಮಷೀನು ಹಚ್ಚಿಕೊಂಡೇ ಇರಬೇಕು ಎಂದರು. ಅವಳನ್ನು ಬಿಬವೇವಾಡಿಯ ನಮ್ಮ ಮನೆಗೆ ಕರೆತಂದೆವು. ಮಷೀನು ಗುರ್‍ರ್ ಎನ್ನುತ್ತಾ ಮೂಗಿನ ನಳಿಗೆಯಲ್ಲಿ ಗಾಳಿ ಕೊಡುತ್ತದೆ, ಆದರೆ ಕರೆಂಟ್ ಇದ್ದರೆ ಮಾತ್ರ. ನಮ್ಮ ಓಣಿಯಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಎಂದು ಹೇಳುವವರಿಲ್ಲ. ಇನ್ವರ್ಟರ್ ಒಂದು ತಾಸು ಎಳೆಯುತ್ತದೆ, ಆಮೇಲೆ ಅದೂ ಅಳುತ್ತದೆ. ಡಾಕ್ಟರು ಇಟ್ಟುಕೊಳ್ಳಿ ಎಂದ ಸಣ್ಣ ಸಿಲಿಂಡರ್ ಒಂದಿದೆ, ಅದೂ ಎಷ್ಟು ಹೊತ್ತಿನದು? ಕರೆಂಟ್ ಹೋದಾಗಲೆಲ್ಲ ಅಕ್ಕ ಸುಮ್ಮನೆ ಮಲಗಿರುತ್ತಿದ್ದಳು, ನಾನು ಹಾಸಿಗೆಯ ಸುತ್ತ ತಿರುಗುತ್ತಾ ನನ್ನ ಉಸಿರನ್ನೂ ಹಿಡಿದುಕೊಂಡಿರುತ್ತಿದ್ದೆ. ನನಗೆ ನಿಜವಾಗಿ ಭಯವಾಗಿತ್ತು.

ಆಗ ಕಲ್ಯಾಣ ಮಂಟಪ ನಡೆಸುವ ನನ್ನ ಗೆಳೆಯನೊಬ್ಬ ತನ್ನ ಹಳೆಯ ಜನರೇಟರನ್ನು ನನಗೆ ದಾಟಿಸಿದ. ಸಾವಿರ ಮದುವೆಗೆ ದೀಪ ಹಚ್ಚಿದ ಮಷೀನು, ಬಹಳ ಒಳ್ಳೆಯ ಕಾಲ್ಗುಣದ್ದು ಎಂದ. ಕಾಲ್ಗುಣದ ಬಗ್ಗೆ ಮಾತ್ರ ನಾನು ಸರಿಯಾಗಿ ಕೇಳಿಸಿಕೊಂಡೆ. ಮುಂದೆ ಅವನು ಹೇಳಿದ ಆಯಿಲ್, ಫಿಲ್ಟರ್, ಲೋಡು ಇತ್ಯಾದಿಗಳಿಗೆ ಯಥಾಪ್ರಕಾರ ತಲೆಯಾಡಿಸಿದೆ. ಟೆಂಪೋದಿಂದ ಇಳಿದ ಆ ಹಸಿರು ಮಷೀನನ್ನು ಎಲ್ಲಿ ಇಡುವುದು ಎಂಬ ಪ್ರಶ್ನೆ ಎದ್ದಾಗ ಬಾಗಲಕೋಟೆಯ ನನ್ನ ಷಡ್ಡಕನಿಗೆ ಫೋನ್ ಮಾಡಿದೆ. ಅವನಿಗೆ ವಾಸ್ತು ಬರುತ್ತದೆ. ಅಡುಗೆಮನೆಯ ಒಲೆಯ ವಿಷಯದಲ್ಲಿ ಒಮ್ಮೆ ನಮ್ಮ ಗೋಡೆ ಒಡೆಸಿ, ಆಮೇಲೆ ತಾನು ನಕ್ಷೆಯನ್ನು ತಲೆಕೆಳಗಾಗಿ ಹಿಡಿದಿದ್ದೆ ಎಂದು ಒಪ್ಪಿಕೊಂಡ ದೊಡ್ಡ ಮನುಷ್ಯ.

"ಬೆಂಕಿ ಇರೂ ವಸ್ತು ಆಗ್ನೇಯಕ್ಕ ಇರ್ಬೇಕು. ಅದರಾಗ ವಿಚಾರ ಮಾಡೂದೇನದ?" ಎಂದ.

ಆಗ್ನೇಯ ಮೂಲೆಯಲ್ಲೇ ಇಟ್ಟೆ. ಅಮೃತಘಳಿಗೆ ನೋಡಿ, ಕುಂಕುಮ ಹಚ್ಚಿ, ಮಾಲೆ ಹಾಕಿ, ಕಾಯಿ ಒಡೆದು, ಕೆಳಗೆ ನಿಂಬೆಹಣ್ಣು ಇಟ್ಟು ಚಾಲೂ ಮಾಡಿದೆ. ಭರ್ಜರಿ ಸದ್ದು, ಭರ್ಜರಿ ಹೊಗೆ. ನನ್ನ ಎದೆ ಉಬ್ಬಿತು. ಎರಡು ನಿಮಿಷದಲ್ಲಿ ಒಳಗಿನಿಂದ ಕೆಮ್ಮು ಕೇಳಿಸಿತು. ಓಡಿಹೋಗಿ ನೋಡಿದರೆ ಕೋಣೆಯ ತುಂಬ ಹೊಗೆ. ನಮ್ಮ ಮನೆಯ ಆಗ್ನೇಯ ಮೂಲೆಯೆಂದರೆ ಸರಿಯಾಗಿ ಅಕ್ಕನ ಕಿಟಕಿಯ ಕೆಳಗೆ! ಸುಶೀಲಾ ಹೊರಗೆ ಹಾರಿ ಮಷೀನು ಬಂದ್ ಮಾಡಿದಳು. ಅಕ್ಕ ಸುಧಾರಿಸಿಕೊಂಡು, ನೀರು ಕುಡಿದು, ನನ್ನ ಕಡೆ ನೋಡಿ ಕೇಳಿದಳು:

"ಯಾಕೋ ತಮ್ಮಾ, ಇದನ್ನ ನನ್ನ ಉಸಿರು ನಡಸ್ಲಿಕ್ಕೆ ತಂದೀಯೋ, ನಿಂದರಸ್ಲಿಕ್ಕೆ ತಂದೀಯೋ?"

ಮರುದಿನ ಸುಶೀಲಾ ಧನಕವಡಿಯಿಂದ ಕಾಂಬಳೆ ಎಂಬ ವಾಯರಮನ್‌ನನ್ನು ಕರೆಸಿದಳು. ನನ್ನ ವಯಸ್ಸಿನವನು, ಕಿವಿಯ ಮೇಲೆ ಟೆಸ್ಟರ್ ಸಿಕ್ಕಿಸಿಕೊಂಡವನು. ಸೊಲ್ಲಾಪುರದ ಕಡೆಯವನಾದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು, ಹೀಗಾಗಿ ಭಾಷೆಯ ನೆಪವೂ ನನಗೆ ಉಳಿಯಲಿಲ್ಲ. ಅವನು ಮಷೀನು ನೋಡಿದ, ಮಾಲೆ ನೋಡಿದ, ಕಿಟಕಿ ನೋಡಿದ. ಆಮೇಲೆ ಕಟ್ಟೆಯ ಮೇಲೆ ನಾನು ಸುತ್ತಿಟ್ಟಿದ್ದ ವಾಯರು ಅವನ ಕಣ್ಣಿಗೆ ಬಿತ್ತು. ಅದು ನನ್ನ ಸ್ವಂತ ಬುದ್ಧಿಯ ಫಲ. ಎರಡೂ ತುದಿಗೆ ಪ್ಲಗ್ ಪಿನ್ನು ಕೂಡಿಸಿದ್ದೆ. ಒಂದು ತುದಿ ಜನರೇಟರಿಗೆ, ಇನ್ನೊಂದು ತುದಿ ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ ಇಡೀ ಮನೆಗೆ ಕರೆಂಟ್. ಕಾಂಬಳೆ ಅದನ್ನು ಸತ್ತ ಇಲಿಯನ್ನು ಎತ್ತಿದಂತೆ ಎರಡು ಬೆರಳಲ್ಲಿ ಎತ್ತಿದ.

"ಇದನ್ನ ಯಾರು ಮಾಡ್ಯಾರ್ರೀ ಸಾಹೇಬ್ರ?"

"ಮೊದಲಿನಿಂದ ಮನೆಯಲ್ಲೇ ಇತ್ತು" ಎಂದೆ. ಒಳಗಿನಿಂದ ಸುಶೀಲಾ, "ನಿನ್ನೆ ನೀವೇ ಮಾಡೀರಲ್ರೀ" ಎಂದಳು.

ಅವನು ನಿಧಾನವಾಗಿ ತಿಳಿಸಿ ಹೇಳಿದ. ಜನರೇಟರು ಚಾಲೂ ಇದ್ದಾಗ ಇನ್ನೊಂದು ತುದಿಯ ಪಿನ್ನು ಕೈಯಲ್ಲಿ ಹಿಡಿದರೆ ನಾನು ಸಾಯುವುದು ಒಂದು ಮಾತು. ಸಾಕೆಟ್ಟಿಗೆ ಚುಚ್ಚಿದರೆ ಜನರೇಟರಿನ ಕರೆಂಟ್ ಮೀಟರು ದಾಟಿ ಹೊರಗಿನ ತಂತಿಗೆ ಹೋಗುತ್ತದೆ. ಅಲ್ಲಿ ಲೈನ್ ಬಂದ್ ಇದೆಯೆಂದು ನಂಬಿ ಕಂಬ ಹತ್ತಿದ ಮನುಷ್ಯ ಇರುತ್ತಾನೆ. ನಾನು ಅಭ್ಯಾಸಬಲದಿಂದ "ಹೋ, ಹೋ, ಬರೋಬರ" ಎಂದೆ.

"ಹಂಗಾರ ನಾ ಏನ್ ಹೇಳ್ದೆ, ನೀವು ಹೇಳ್ರಿ ನೋಡೋಣು" ಎಂದ ಕಾಂಬಳೆ.

ಮೂವತ್ತು ವರ್ಷದಲ್ಲಿ ಹೇಳಿದವರು ಯಾರೂ ತಿರುಗಿ ನನಗೆ ಈ ಪ್ರಶ್ನೆ ಕೇಳಿರಲಿಲ್ಲ. ಬಾಯಿ ತೆರೆದೆ, ಮೀಟರು ಎಂದೆ, ಕಂಬ ಎಂದೆ, ಅಲ್ಲಿಗೆ ನಿಂತುಹೋದೆ. ಅವನು ನಗಲಿಲ್ಲ. "ನನ್ನ ತಮ್ಮ ಕಂಬ ಹತ್ತೂ ಕೆಲಸದಾಗ ಅದಾನ್ರಿ. ಅದಕ್ಕ ಮತ್ತ ಮತ್ತ ಕೇಳ್ತೀನಿ. ಸಿಟ್ಟಾಗಬ್ಯಾಡ್ರಿ" ಎಂದ. ನನಗೆ ನಾಚಿಕೆಯಾಯಿತು. ನನ್ನ ಅಕ್ಕನ ಉಸಿರಿಗಾಗಿ ಅವನ ತಮ್ಮನ ಉಸಿರು ತೆಗೆಯಲು ಹೊರಟಿದ್ದೆ, ಅದೂ ಏನೂ ಗೊತ್ತಿಲ್ಲದೆ.

ಆಮೇಲೆ ಕೆಲಸ ಅವನ ಪ್ರಕಾರವೇ ನಡೆಯಿತು. ಜನರೇಟರು ಹಿತ್ತಲಿನ ತುದಿಗೆ, ಯಾರ ಕಿಟಕಿಯೂ ಇಲ್ಲದ ಕಡೆ, ಸಿಮೆಂಟಿನ ಕಟ್ಟೆಯ ಮೇಲೆ ಕೂತಿತು. ಹೊಗೆಯ ಕೊಳವೆ ಮಾಳಿಗೆಗಿಂತ ಮೇಲೆ ಹೋಯಿತು. ಅರ್ಥಿಂಗಿಗೆಂದು ತೋಡಿದ ಕುಣಿಗೆ ಇದ್ದಿಲು ಮತ್ತು ಹರಳುಪ್ಪು ಸುರಿದಾಗ ಸುಶೀಲಾ, "ಉಪ್ಪಿನಕಾಯಿ ಹಾಕ್ತೀರೇನ್ರಿ?" ಎಂದು ಕೇಳಿ ಕಾಂಬಳೆಯನ್ನು ನಗಿಸಿದಳು. ಮೀಟರಿನ ಪಕ್ಕದಲ್ಲಿ ದೊಡ್ಡ ಹಿಡಿಕೆಯ ಸ್ವಿಚ್ಚು ಬಂತು. ಹಿಡಿಕೆ ಮೇಲಿದ್ದರೆ ಬೀದಿಯ ಕರೆಂಟ್, ಕೆಳಗಿದ್ದರೆ ಜನರೇಟರಿನದು, ನಡುವೆ ಇದ್ದರೆ ಯಾವುದೂ ಇಲ್ಲ. ಎರಡೂ ಒಟ್ಟಿಗೆ ಕೂಡುವುದು ಸಾಧ್ಯವೇ ಇಲ್ಲ. ಆಗ್ನೇಯ ತಪ್ಪಿತೆಂದು ಷಡ್ಡಕ ಫೋನಿನಲ್ಲಿ ಮುನಿಸಿಕೊಂಡ. ಕಾಂಬಳೆ ನನಗೆ ನಾಲ್ಕು ಸಲ ಪಾಠ ಒಪ್ಪಿಸಲು ಹಚ್ಚಿದ. ನಾಲ್ಕನೆಯ ಸಲ ಪಾಸಾದೆ ಎಂದುಕೊಂಡೆ.

ಮುಂದಿನ ವಾರ, ಮಧ್ಯಾಹ್ನದ ಊಟವಾಗಿತ್ತು, ಜೋರು ಮಳೆ. ಕರೆಂಟ್ ಹೋಯಿತು. ಅಕ್ಕನ ಮಷೀನು ಪೀಂ ಎಂದು ಕೂಗತೊಡಗಿತು. ಇನ್ವರ್ಟರನ್ನು ಕಾಂಬಳೆ ಬ್ಯಾಟರಿಗೆ ನೀರಿಲ್ಲವೆಂದು ಆರಿಸಿಟ್ಟಿದ್ದ, ನೀರು ತರುವ ಕೆಲಸ ನನಗೆ ಒಪ್ಪಿಸಿದ್ದ, ತಂದಿರಲಿಲ್ಲ. ಸುಶೀಲಾ ಅಕ್ಕನಿಗೆ ಸಿಲಿಂಡರ್ ಹಚ್ಚಲು ಓಡಿದಳು. ನಾನು ಹಿತ್ತಲಿಗೆ ಓಡಿ ಜನರೇಟರ್ ಚಾಲೂ ಮಾಡಿದೆ. ಅದು ಗರ್ಜಿಸಿತು, ಮನೆಯೊಳಗೆ ದೀಪ ಮಾತ್ರ ಹತ್ತಲಿಲ್ಲ. ಸ್ವಿಚ್ಚಿನ ಹತ್ತಿರ ಬಂದು ಹಿಡಿಕೆ ನಡುವಿಗೆ ತಂದೆ. ಇಲ್ಲ. ಮೇಲಕ್ಕೆ ಒಯ್ದೆ. ಇಲ್ಲ. ಮತ್ತೆ ನಡುವೆ. ತಲೆಯಲ್ಲಿ ಕಂಬ, ಮೀಟರು, ಉಪ್ಪಿನಕಾಯಿ ಎಲ್ಲ ಕಲಸಿಹೋಗಿದ್ದವು. ಕೆಳಗೆ ತಂದರೆ ಯಾರೋ ಸಾಯುತ್ತಾರೆ, ತರದಿದ್ದರೆ ಅಕ್ಕ ಸಾಯುತ್ತಾಳೆ ಎಂದು ಅಲ್ಲಿಯೇ ಕಣ್ಣೀರು ಹಾಕುತ್ತಾ ನಿಂತೆ. ಸುಶೀಲಾ ಬಂದು, ನನ್ನನ್ನು ಭುಜ ಹಿಡಿದು ಸರಿಸಿ, ಹಿಡಿಕೆಯನ್ನು ಕಟಕ್ ಎಂದು ಕೆಳಗೆ ಒತ್ತಿದಳು. ದೀಪ ಬಂತು, ಮಷೀನಿನ ಗುರ್‍ರ್ ಶುರುವಾಯಿತು. ಕಾಂಬಳೆ ನನಗೆ ಪಾಠ ಹೇಳುವಾಗ ಅವಳು ಅಕ್ಕಿ ಆರಿಸುತ್ತಾ ಎಲ್ಲ ಕಲಿತಿದ್ದಳು.

ಈಗ ಸ್ವಿಚ್ಚಿನ ಪಕ್ಕದ ಗೋಡೆಗೆ ಒಂದು ಕಾಗದ ಅಂಟಿಸಿದ್ದೇವೆ. ಅಕ್ಕ ಹೇಳಿದ್ದು, ಸುಶೀಲಾ ದುಂಡಗೆ ಬರೆದದ್ದು, ಕಾಂಬಳೆ ಓದಿ ಒಪ್ಪಿದ್ದು. ಅಕ್ಕನಿಗೆ ಸಿಲಿಂಡರ್ ಹಚ್ಚುವುದು, ಹಿಡಿಕೆ ನಡುವಿಗೆ ತರುವುದು, ಜನರೇಟರು ಚಾಲೂ ಮಾಡುವುದು, ಎರಡು ನಿಮಿಷ ತಡೆದು ಹಿಡಿಕೆ ಕೆಳಗೆ ಒತ್ತುವುದು, ಎಲ್ಲ ಕ್ರಮವಾಗಿದೆ. ಆದರೆ ಇವೆಲ್ಲಕ್ಕಿಂತ ಮೇಲೆ, ಕೆಂಪು ಶಾಯಿಯಲ್ಲಿ, ಮೊದಲನೆಯ ಸೂಚನೆ ಹೀಗಿದೆ: "ಕರೆಂಟ್ ಹೋದ ಕೂಡಲೆ ಇವರನ್ನು ಅಕ್ಕನ ಹತ್ತಿರ ಕುರ್ಚಿಯಲ್ಲಿ ಕೂಡಿಸಬೇಕು." ನಾನು ಚಾಚೂ ತಪ್ಪದೆ ಹೋಗಿ ಕೂಡುತ್ತೇನೆ. ಅಕ್ಕ ಮೂಗಿನ ನಳಿಗೆ ಸರಿಮಾಡಿಕೊಳ್ಳುತ್ತಾ ನನ್ನ ಕೈ ಹಿಡಿದುಕೊಂಡು, "ಅಂಜಬ್ಯಾಡೋ ತಮ್ಮಾ, ಉಸಿರು ಬಿಡು" ಎನ್ನುತ್ತಾಳೆ.