ಹಲ್ಲಿನ ಡಾಕ್ಟರು ಲ್ಯಾಪ್‌ಟಾಪ್ ರಿಪೇರಿಗೆ ಕೂತದ್ದು

ಅಡ್ಡಡ್ಡ ಬೆಳೆದ ಬುದ್ಧಿಹಲ್ಲನ್ನೇ ಸಲೀಸಾಗಿ ಕೀಳುವ ತನಗೆ, ಹಳೆಯ ಲ್ಯಾಪ್‌ಟಾಪಿಗೆ ಜೀವ ಕೊಡುವುದು ಯಾವ ಮಹಾ ಕೆಲಸ ಎಂದು ಭಾನುವಾರ ಬೆಳಗ್ಗೆ ಹಲ್ಲಿನ ಡಾಕ್ಟರು ಸಾರಿಬಿಟ್ಟರು. ಹೆಂಡತಿಯ ತಂಗಿಗೆ ದೂರದೂರಿನಲ್ಲಿ ಹೆರಿಗೆಯಾಗಿತ್ತು. ಮೊಮ್ಮಗುವನ್ನು ದೊಡ್ಡ ಪರದೆಯಲ್ಲಿ ಕಣ್ತುಂಬ ನೋಡಬೇಕೆಂಬುದು ಅತ್ತೆಯ ಆಸೆ. ಫೋನಿನಲ್ಲಿ ಅವರಿಗೆ ಮಗುವೂ ದಿಂಬೂ ಒಂದೇ ಥರ ಕಾಣುತ್ತಿದ್ದವು. ಸಂಜೆಯೊಳಗೆ ತೋರಿಸಿಯೇ ಸಿದ್ಧ ಎಂದು ಅಳಿಯ ಮಾತು ಕೊಟ್ಟರು.

ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ಲ್ಯಾಪ್‌ಟಾಪನ್ನು ಇಳಿಸಿ, ಅದರ ವಯಸ್ಸಿಗೆ ಒಗ್ಗುವ ಲಿನಕ್ಸ್ ಎಂಬ ಹಗುರವಾದ ಆಪರೇಟಿಂಗ್ ಸಿಸ್ಟಮ್ ಹಾಕಿದರು. ಮುದಿಯಂತ್ರ ಎದ್ದೂ ಕೂತಿತು. ಆದರೆ ವಿಡಿಯೊ ಕರೆಗೆ ಬೇಕಾದ ಸಾಫ್ಟ್‌ವೇರೇ ಅದರಲ್ಲಿರಲಿಲ್ಲ. ಅಂಥದ್ದನ್ನು ಇಂಟರ್ನೆಟ್ಟಿನಿಂದ ತಂದು ಕೂರಿಸಲು ಪ್ಯಾಕೇಜ್ ಮ್ಯಾನೇಜರ್ ಎಂಬ ಪ್ರೋಗ್ರಾಮ್ ಇರುತ್ತದೆ. ಹೆಸರಿಗೆ ತಕ್ಕ ಮ್ಯಾನೇಜರ್. ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಏನು ಕೇಳಿದರೂ, ಕಳಿಸುವ ಸೈಟಿನ ಗುರುತಿನ ಸರ್ಟಿಫಿಕೇಟು ಇನ್ನೂ ಜಾರಿಗೆ ಬಂದಿಲ್ಲ ಎಂದು ಒಂದೇ ರಾಗ.

ತಪ್ಪು ವೈಫೈಯದೇ ಎಂದು ಡಾಕ್ಟರು ರೋಗ ಪತ್ತೆಹಚ್ಚಿದರು. ಹಲ್ಲಿನ ಹುಳುಕು ಕೆದಕುವ ಕಡ್ಡಿ ತಂದು ರೂಟರಿನ ಬೆನ್ನ ಮೇಲಿನ ರೀಸೆಟ್ ತೂತಿಗೆ ಚುಚ್ಚಿದರು. ರೂಟರ್ ತನ್ನ ಹೆಸರು, ಪಾಸ್‌ವರ್ಡ್ ಎಲ್ಲ ಮರೆತು ಹಸುಗೂಸಾಯಿತು. ಪಕ್ಕದ ಕೋಣೆಯಲ್ಲಿ, ಭಾನುವಾರವೂ ಬಿಡದ ಗಿರಾಕಿಯೊಬ್ಬನಿಗೆ ಆನ್‌ಲೈನಿನಲ್ಲಿ ಮನೆಯ ನಕ್ಷೆ ತೋರಿಸುತ್ತಿದ್ದ ಆರ್ಕಿಟೆಕ್ಟ್ ಹೆಂಡತಿ ಎದ್ದು ಬಂದರು. ಗಿರಾಕಿಯನ್ನು ನಕ್ಷೆಯ ಅಡುಗೆಮನೆಯವರೆಗೆ ಕರೆದೊಯ್ದು ಅಲ್ಲೇ ಕೈಬಿಟ್ಟಂತಾಗಿತ್ತು.

"ಏನ್ ಮಾಡಿದ್ರಿ?"

"ರೂಟರಿಗೆ ರೂಟ್ ಕೆನಾಲ್."

ಹೆಂಡತಿ ನಗಲಿಲ್ಲ. ತಮ್ಮ ಫೋನಿನಿಂದ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಕೊಟ್ಟರು. ಮತ್ತೆ ಅದೇ ರಾಗ. ಡಾಕ್ಟರ ಮುಖ ಮರಗಟ್ಟುವ ಇಂಜೆಕ್ಷನ್ ಬಿದ್ದ ದವಡೆಯಂತಾಯಿತು.

ಅಷ್ಟರಲ್ಲಿ ಅತ್ತೆ ಕನ್ನಡಕ ಒರೆಸಿಕೊಂಡು ಪರದೆಗೆ ಬಗ್ಗಿದರು.

"ಅಳಿಯಂದಿರೇ, ಈ ಮೂಲೇಲಿ ಎರಡು ಸಾವಿರದ ಹತ್ತು ಅಂತಿದೆಯಲ್ಲ, ಅದು ಇಸವಿನಾ?"

ಇಸವಿಯೇ. ಒಳಗಿನ ಗಡಿಯಾರದ ಸೆಲ್ ಸತ್ತು, ಲ್ಯಾಪ್‌ಟಾಪ್ ತಾನು ಹುಟ್ಟಿದ ಕಾಲಕ್ಕೇ ಹೋಗಿ ಕೂತಿತ್ತು. ಮೊನ್ನೆ ಮೊನ್ನೆ ಕೊಟ್ಟ ಸರ್ಟಿಫಿಕೇಟನ್ನು ಅದು ನಂಬುವುದಾದರೂ ಹೇಗೆ? ಡಾಕ್ಟರು ತಾರೀಖು ತಿದ್ದಿದ್ದೇ ತಡ, ಮ್ಯಾನೇಜರ್ ಕೇಳಿದ್ದನ್ನೆಲ್ಲ ತಂದು ಸುರಿದ.

ಸಂಜೆ ಪರದೆಯ ತುಂಬ ಮಗು ಆಕಳಿಸಿತು. ಮೂಗು ಥೇಟ್ ತನ್ನದೇ ಎಂದು ಅತ್ತೆ ಕಣ್ಣೊರೆಸಿಕೊಂಡರು. ಡಾಕ್ಟರ ಎದೆ ಮತ್ತೆ ಉಬ್ಬಿತು. ಹೇಗಿದೆ ತನ್ನ ಕೈಗುಣ ಎಂದು ಹೆಂಡತಿಯನ್ನು ಕೇಳಿದರು.

"ಕೈಗುಣಕ್ಕೇನೂ ಕಮ್ಮಿಯಿಲ್ಲ. ಆದ್ರೆ ಇಸವಿ ತಿದ್ದೋಕೆ ಮುಂಚೆ ನನ್ನನ್ನೊಂದು ಮಾತು ಕೇಳ್ಬೇಕಿತ್ತು," ಎಂದರು ಹೆಂಡತಿ. "ಎರಡು ಸಾವಿರದ ಹತ್ತರಲ್ಲಿ ನಮ್ಮ ಮದುವೆ ಇನ್ನೂ ಆಗಿರಲಿಲ್ಲ."